ಯಂತ್ರದ ತೀರ್ಮಾನ, ಮನುಷ್ಯನ ಹೊಣೆ

ಆಡಳಿತವೆಂಬುದು ಪ್ರಜೆಗಳ ಅಹವಾಲಿಗೆ ನೀಡುವ ಉತ್ತರ. ಆ ಉತ್ತರ ಅನುಕೂಲವಾಗಿರಲಿ, ಪ್ರತಿಕೂಲವಾಗಿರಲಿ, ಅದರ ಕೆಳಗೆ ಒಂದು ರುಜು ಇರಬೇಕು. ರುಜು ಹಾಕಿದವನು ಕಾರಣ ಹೇಳಲು ಬದ್ಧನಾಗಿರಬೇಕು. ಕೃತಕ ಬುದ್ಧಿಮತ್ತೆಯು ನಗರಾಡಳಿತವನ್ನು ಪ್ರವೇಶಿಸುತ್ತಿರುವ ಈ ಕಾಲದಲ್ಲಿ, ಆ ರುಜು ಯಾರದೆಂಬುದು ಗಂಭೀರವಾಗಿ ಆಲೋಚಿಸಬೇಕಾದ ಪ್ರಶ್ನೆಯಾಗಿದೆ.

ಗಣಕಯಂತ್ರವು ಕರ್ನಾಟಕದ ಕಚೇರಿಗಳಿಗೆ ಹೊಸದಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ರೈತರ ಪಹಣಿಗಳನ್ನು ಗಣಕಕ್ಕೆ ಏರಿಸಿತು. ದಾಖಲೆಯನ್ನು ಮುಟ್ಟಿದ ನೌಕರನು ಯಾರೆಂದು ಮುಂದೆ ತಿಳಿಯುವಂತೆ ಅವನ ಬೆರಳ ಗುರುತನ್ನು ಪಡೆಯುವ ವ್ಯವಸ್ಥೆ ಅದರಲ್ಲಿತ್ತು. 2011ರ ‘ಸಕಾಲ’ ಕಾಯಿದೆಯು ಸೇವೆ ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯವರೆಗೆ, ಅರ್ಜಿದಾರನಿಗೆ ಪರಿಹಾರವನ್ನು ಗೊತ್ತುಪಡಿಸಿತು. ಇವೆರಡರಲ್ಲಿಯೂ ಯಂತ್ರವು ಮನುಷ್ಯನ ಹೊಣೆಯನ್ನು ಸ್ಪಷ್ಟಗೊಳಿಸಿತು.

ಕೃತಕ ಬುದ್ಧಿಮತ್ತೆಯ ಸ್ವಭಾವ ಬೇರೆ. ಹಳೆಯ ಗಣಕವು ಮನುಷ್ಯನು ಬರೆದುದನ್ನು ಕಾದಿಡುತ್ತಿತ್ತು. ಇದು ಹಿಂದಿನ ಸಾವಿರಾರು ನಿದರ್ಶನಗಳಿಂದ ತಾನೇ ಊಹಿಸಿ ಹೇಳುತ್ತದೆ. ಹೀಗೇಕೆ ಹೇಳಿತೆಂಬುದನ್ನು ರಚಿಸಿದವರೂ ಎಷ್ಟೋ ಸಲ ವಿವರಿಸಲಾರರು.

2019ರ ಆಗಸ್ಟಿನಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದೊಳಗೆ ನುಗ್ಗಿದವು. ಬಿದ್ದ ಮನೆಗಳನ್ನು ಸಿಬ್ಬಂದಿಯು ಪರಿಶೀಲಿಸಿ, ಹಾನಿಗೆ ತಕ್ಕಂತೆ ಎ, ಬಿ, ಸಿ ಎಂದು ವರ್ಗೀಕರಿಸಿತು. ಪರಿಹಾರದ ಮೊತ್ತ ಆ ಒಂದು ಅಕ್ಷರವನ್ನು ಅವಲಂಬಿಸಿತ್ತು. ನಾಳೆ ಇದೇ ಕೆಲಸವನ್ನು ಆಕಾಶದಿಂದ ತೆಗೆದ ಚಿತ್ರಗಳನ್ನು ನೋಡಿ ಯಂತ್ರವೊಂದು ಮಾಡಬಹುದು. ತಿಂಗಳ ಕೆಲಸ ದಿನದಲ್ಲಿ ಮುಗಿದೀತು. ಮುಖ ನೋಡಿ ಮಣೆ ಹಾಕುವ ಚಾಳಿಗೂ ತಡೆ ಬಿದ್ದೀತು. ಈ ಲಾಭವನ್ನು ಅಲ್ಲಗಳೆಯಲಾಗದು. ಆದರೆ ಮಣ್ಣಿನ ಗೋಡೆಯ ಬುಡ ನೆನೆದು ವಾಲಿದ್ದರೂ ಮೇಲಿನ ಮಾಳಿಗೆ ಆಕಾಶಕ್ಕೆ ನೆಟ್ಟಗೇ ಕಾಣುತ್ತದೆ. ಆ ಮನೆಯೊಡತಿ ಕಚೇರಿಗೆ ಬಂದಾಗ “ಕಂಪ್ಯೂಟರಿನಲ್ಲಿ ಹಾಗೇ ಬಂದಿದೆ” ಎಂಬ ಮಾತೇ ಕೊನೆಯ ಉತ್ತರವಾದರೆ, ಅವಳು ಯಾರ ಬಳಿ ನ್ಯಾಯ ಕೇಳಬೇಕು? ಗುಮಾಸ್ತನು ಮೇಲಧಿಕಾರಿಯನ್ನು, ಅಧಿಕಾರಿಯು ಯಂತ್ರ ಪೂರೈಸಿದ ಕಂಪನಿಯನ್ನು, ಕಂಪನಿಯು ಅಂಕಿಅಂಶಗಳನ್ನು ತೋರಿಸುತ್ತ ಹೋದರೆ ಹೊಣೆಯು ನಡುದಾರಿಯಲ್ಲಿಯೇ ಕರಗಿಹೋಗುತ್ತದೆ.

ಇದು ಬರಿಯ ಕಲ್ಪನೆಯಲ್ಲ. ನೆದರ್ಲೆಂಡ್ಸಿನಲ್ಲಿ ಶಿಶುಪಾಲನಾ ಭತ್ಯ ಪಡೆಯುತ್ತಿದ್ದ ಸಾವಿರಾರು ಕುಟುಂಬಗಳು ಮೋಸಗಾರರೆಂಬ ತಪ್ಪು ಆರೋಪಕ್ಕೆ ಗುರಿಯಾದವು. ಅರ್ಜಿಗಳ ಅಪಾಯವನ್ನು ಅಳೆಯುವ ಗಣಕ ವ್ಯವಸ್ಥೆಯೂ ಅದರಲ್ಲಿ ಪಾಲುಗೊಂಡಿತ್ತು. 2021ರ ಜನವರಿಯಲ್ಲಿ ಅಲ್ಲಿನ ಮಂತ್ರಿಮಂಡಲವೇ ರಾಜೀನಾಮೆ ನೀಡಿತು. ಯಂತ್ರ ರಾಜೀನಾಮೆ ಕೊಡಲಾರದು, ಮನುಷ್ಯರೇ ಕೊಡಬೇಕಾಯಿತು.

ಗೋಕಾಕದ ನಗರಸಭೆಯಾಗಲಿ, ಮೂಡಲಗಿ, ಹುಕ್ಕೇರಿಗಳ ಪುರಸಭೆಗಳಾಗಲಿ ಇಂಥ ಯಂತ್ರಗಳನ್ನು ಸ್ವತಃ ನಿರ್ಮಿಸುವುದು ಕಷ್ಟ. ಮೇಲಿನಿಂದ ಬಂದುದನ್ನು ಬಳಸುವ ಸಂದರ್ಭವೇ ಹೆಚ್ಚು. ಆದ್ದರಿಂದಲೇ ಮೂರು ನಿಯಮಗಳು ಮೊದಲೇ ನಿಶ್ಚಯವಾಗಬೇಕು. ಪ್ರತಿಯೊಂದು ಆದೇಶಕ್ಕೂ ಹೆಸರು ಹೇಳಬಲ್ಲ ಅಧಿಕಾರಿಯೊಬ್ಬನು ಹೊಣೆಯಾಗಬೇಕು. ನಿರಾಕರಣೆಯ ಕಾರಣವನ್ನು ಸುಲಭವಾದ ಕನ್ನಡದಲ್ಲಿ ಬರೆದುಕೊಡಬೇಕು. ಸ್ಥಳಕ್ಕೆ ಹೋಗಿ ನೋಡಿ ಯಂತ್ರದ ಮಾತನ್ನು ತಿದ್ದುವ ಅಧಿಕಾರವುಳ್ಳ ಮೇಲ್ಮನವಿ ಅಧಿಕಾರಿಯು ಅದೇ ಊರಿನಲ್ಲಿ ದೊರೆಯಬೇಕು. ಚುನಾಯಿತ ಸದಸ್ಯರು ಖರೀದಿಗೆ ಒಪ್ಪಿಗೆ ನೀಡುವ ಮೊದಲು ಈ ಪ್ರಶ್ನೆಗಳನ್ನು ಸಭೆಯಲ್ಲಿ ಎತ್ತಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯನ್ನು ನಾಗರಿಕರು ಇದಕ್ಕಾಗಿಯೂ ಬಳಸಬೇಕು.

ಇಂದಿನ ವಿದ್ಯಾರ್ಥಿಗಳೇ ನಾಳೆ ಆ ಕಚೇರಿಗಳ ಮೇಜಿನ ಎರಡೂ ಬದಿಗಳಲ್ಲಿ ಕೂಡುವವರು. ಯಂತ್ರವನ್ನು ನಡೆಸುವ ಜಾಣ್ಮೆಯೊಂದಿಗೆ, ಕಾರಣ ಕೇಳುವ ಧೈರ್ಯವನ್ನೂ ಕಾರಣ ಹೇಳುವ ಪ್ರಾಮಾಣಿಕತೆಯನ್ನೂ ಅವರಲ್ಲಿ ಬೆಳೆಸುವುದು ವಿದ್ಯಾಸಂಸ್ಥೆಗಳ ಕರ್ತವ್ಯವಾಗಿದೆ.