ಹಳೆ ಟೈರ್ ಒಲೆಗೆ ಬೇಡ, ರಸ್ತೆಗೆ ಬರಲಿ

ಕಡರನಾಯಕನಹಳ್ಳಿಯ ಮತ್ತು ಸುತ್ತಲ ಊರುಗಳ ಬಂಧುಗಳೇ,

ನಮ್ಮ ಹರಿಹರ ತಾಲ್ಲೂಕಿನಲ್ಲಿ ಟ್ರ್ಯಾಕ್ಟರ್ ಇಲ್ಲದ ಕೇರಿ ಇಲ್ಲ, ಬೈಕ್ ಇಲ್ಲದ ಮನೆ ಅಪರೂಪ. ಅವುಗಳ ಸವೆದ ಟೈರ್ ಎಲ್ಲಿ ಸೇರುತ್ತದೆ, ನೋಡಿ. ಕೆಲವು ಹಿತ್ತಲಲ್ಲೋ ಪಂಕ್ಚರ್ ಅಂಗಡಿಯ ಮಗ್ಗುಲಲ್ಲೋ ಬಿದ್ದಿರುತ್ತವೆ. ಮಳೆ ಬಂದರೆ ಒಳಗೆ ನೀರು ನಿಲ್ಲುತ್ತದೆ. ಹೇಗೆ ಹೊರಳಿಸಿದರೂ ಪೂರ್ತಿ ಚೆಲ್ಲುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಸಾಕು. ನೀರು ಆರಿದರೂ ಅದರ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಇನ್ನು ಕೆಲವು ಬೆಂಕಿಗೆ ಹೋಗುತ್ತವೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹಳೆ ಟೈರ್ ಉರುವಲಾಗಿ ಉರಿದದ್ದು, ಆ ಕರಿಹೊಗೆಯನ್ನು ಕೆಲಸಗಾರರೂ ಅಕ್ಕಪಕ್ಕದ ಮಕ್ಕಳೂ ಕುಡಿದದ್ದು ಜಿಲ್ಲೆಗೆಲ್ಲ ಗೊತ್ತಿದೆ.

ಇದೇ ರಬ್ಬರಿಗೆ ರಸ್ತೆಯಲ್ಲಿ ಬೆಲೆಯಿದೆ. ಟೈರಿನ ತಂತಿ, ನೂಲು ಬೇರ್ಪಡಿಸಿ, ಪುಡಿ ಮಾಡಿ, ಕಾದ ಡಾಂಬರಿಗೆ ಬೆರೆಸಿದರೆ ಅದು ಡಾಂಬರಿನ ಎಣ್ಣೆಯಂಶ ಹೀರಿ ಉಬ್ಬುತ್ತದೆ. ಅಂಥ ಡಾಂಬರು ಏಪ್ರಿಲ್ ಬಿಸಿಲಿಗೆ ಬೇಗ ಮೆತ್ತಗಾಗದು. ಭತ್ತದ ಲಾರಿಗಳ ಜಾಡು ಸುಲಭಕ್ಕೆ ಬೀಳದು. ಬಿರುಕೂ ತಡವಾಗಿ ಬಿಡುತ್ತದೆ. ಇದೇನೂ ಕಂಡರಿಯದ ಪ್ರಯೋಗವಲ್ಲ. ಅಮೆರಿಕದ ಫೀನಿಕ್ಸ್ ನಗರದಲ್ಲಿ ಚಾರ್ಲ್ಸ್ ಮೆಕ್‌ಡೊನಾಲ್ಡ್ ಎಂಬ ಎಂಜಿನಿಯರ್ 1960ರ ದಶಕದಲ್ಲೇ ಇದನ್ನು ರಸ್ತೆ ದುರಸ್ತಿಗೆ ಬಳಸಿದ್ದರು. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್‌ಪಿ 53 ಮಾರ್ಗಸೂಚಿಯಲ್ಲೂ ಇದಕ್ಕೆ ಜಾಗವಿದೆ.

ಹಾಗಂತ ರಬ್ಬರೊಂದೇ ಮದ್ದಲ್ಲ. ಭದ್ರಾ ನಾಲೆ ನಂಬಿದ ಸೀಮೆಯಲ್ಲಿ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ತಳ ಗಟ್ಟಿಯಿಲ್ಲದೆ, ಬದಿಗೆ ಚರಂಡಿಯಿಲ್ಲದೆ ಯಾವ ಡಾಂಬರೂ ನಿಲ್ಲದು. ಗದ್ದೆಯ ಕೆಸರಿನಿಂದ ಟ್ರ್ಯಾಕ್ಟರನ್ನು ಕೇಜ್ ವೀಲ್ ಸಮೇತ ರಸ್ತೆಗೆ ಹತ್ತಿಸಿದರೆ ಆ ಚಕ್ರದ ಕಬ್ಬಿಣದ ಪಟ್ಟಿಗಳು ಸುತ್ತು ಸುತ್ತಿಗೂ ಡಾಂಬರು ಕೀಳುತ್ತವೆ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಹಳೆ ಟೈರ್ ಸುಡಬೇಡಿ, ಬಯಲಿಗೆ ಎಸೆಯಬೇಡಿ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು, ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿ ಎಂದು ಹೇಳಿ. ಹಳೆ ಟೈರ್‌ಗಳ ಮರುಬಳಕೆಯ ಹೊಣೆಯನ್ನು ತಯಾರಕರು, ಆಮದುದಾರರ ಮೇಲೆ ಹೊರಿಸುವ ಕೇಂದ್ರದ ನಿಯಮ 2022ರ ಜುಲೈನಲ್ಲೇ ಬಂದಿದೆ. ರೈತ ಅಣ್ಣಂದಿರೇ, ಕೇಜ್ ವೀಲ್ ಬಿಚ್ಚಿಯೇ ರಸ್ತೆಗೆ ಬನ್ನಿ.

ಜನಪ್ರತಿನಿಧಿಗಳಲ್ಲಿ, ಲೋಕೋಪಯೋಗಿ ಮತ್ತು ಪಂಚಾಯತ್ ರಾಜ್ ಎಂಜಿನಿಯರ್‌ಗಳಲ್ಲಿ ಒಂದು ಮನವಿ: ತಾಲ್ಲೂಕಿನ ಒಂದು ರಸ್ತೆಯಲ್ಲಿ ಅರ್ಧಕ್ಕೆ ರಬ್ಬರ್ ಡಾಂಬರು, ಇನ್ನರ್ಧಕ್ಕೆ ಮಾಮೂಲಿ ಡಾಂಬರು ಹಾಕಿಸಿ. ಎರಡರ ಖರ್ಚು, ಬಾಳಿಕೆ, ದುರಸ್ತಿಯ ಲೆಕ್ಕವನ್ನು ವರ್ಷವರ್ಷವೂ ಜನರ ಮುಂದಿಡಿ. ಯಾವುದು ಲಾಭವೆಂದು ಊರೇ ತೀರ್ಮಾನಿಸಲಿ.

ಬಂಧುಗಳೇ, ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ. ಈ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸೋಣ. ಬರೆದದ್ದನ್ನು ಓದಿಸಿ ಕೇಳಿಯೇ ಸಹಿ ಹಾಕೋಣ.