ಉಪ್ಪಿನ ಆಗರದ ಸೂಕ್ಷ್ಮಜೀವಿಯೂ ನಮ್ಮ ಮಹಾಸಭೆಯ ಠರಾವೂ



ಕಳೆದ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು, "ತೋಟಕ್ಕೆ ಬಂದು ಎಲೆ ಕೊಯ್ದುಕೊಂಡು ಹೋಗುವ ಸಂಶೋಧಕರಿಂದ ನಮಗೆ ಇದುವರೆಗೆ ಒಂದು ಹಿಡಿ ಅಡಿಕೆಯಾದರೂ ಹೆಚ್ಚು ಬಂದಿದೆಯೇ? ಸಂಶೋಧನೆಗೆಂದು ತೆಗೆದಿಡುವ ಹಣವನ್ನು ನಿಲ್ಲಿಸಿ, ಮೈಲುತುತ್ತಕ್ಕೆ ರಿಯಾಯಿತಿ ಕೊಡಿ" ಎಂದು ಠರಾವು ಮಂಡಿಸಿದರು. ಚಪ್ಪಾಳೆಯೂ ಬಿತ್ತು. ಕೊಳೆರೋಗಕ್ಕೆ ಅರ್ಧ ಫಸಲು ಕಳೆದುಕೊಂಡವರ ಮಾತು ಅದು, ತಳ್ಳಿಹಾಕುವಂಥದಲ್ಲ. ಹೊತ್ತು ಮೀರಿದ್ದರಿಂದ ಠರಾವು ಮುಂದಿನ ಸಭೆಗೆ ಹೋಯಿತು. ಅಂದು ಹೇಳಲಾಗದ್ದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇವೆ. ಅದಕ್ಕಾಗಿ ಸ್ವಲ್ಪ ದೂರ, ಸ್ಪೇನ್ ದೇಶದವರೆಗೆ, ಹೋಗಿಬರಬೇಕಾಗಿದೆ.

ಆ ದೇಶದ ಸಮುದ್ರ ತೀರದಲ್ಲಿ ಸಾಂತಾ ಪೋಲಾ ಎಂಬ ಊರಿದೆ. ಅಲ್ಲಿಯೂ ನಮ್ಮ ಗೋಕರ್ಣದ ಸಾಣಿಕಟ್ಟೆಯಂತೆ ಉಪ್ಪಿನ ಆಗರಗಳು. ಅಷ್ಟು ಉಪ್ಪಿನಲ್ಲೂ ಬದುಕುವ ಒಂದು ಸೂಕ್ಷ್ಮಜೀವಿಯನ್ನು ಅಲಿಕಾಂತೆ ವಿಶ್ವವಿದ್ಯಾನಿಲಯದ ಫ್ರಾನ್ಸಿಸ್ಕೋ ಮೊಹಿಕಾ ಎಂಬ ವಿದ್ಯಾರ್ಥಿ ಅಭ್ಯಸಿಸುತ್ತಿದ್ದರು. ಅದರ ವಂಶವಾಹಿಯಲ್ಲಿ ಸುಮಾರು 30 ಅಕ್ಷರಗಳ ಒಂದೇ ಸಾಲು ಮತ್ತೆ ಮತ್ತೆ ಬರುವುದನ್ನೂ, ಎರಡು ಸಾಲುಗಳ ನಡುವೆ ಬೇರೆ ಬೇರೆ ತುಣುಕುಗಳು ಕೂತಿರುವುದನ್ನೂ ಕಂಡು 1993ರಲ್ಲಿ ಪ್ರಕಟಿಸಿದರು. ಇಂಥದೇ ಸಾಲನ್ನು 1987ರಲ್ಲಿ ಜಪಾನಿನವರು ಬೇರೊಂದು ಜೀವಿಯಲ್ಲಿ ಕಂಡಿದ್ದರು. ಏಕಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಮೊಹಿಕಾ ಬಿಡಲಿಲ್ಲ. ಹತ್ತು ವರ್ಷ ಹಿಂದೆ ಬಿದ್ದರು.

2003ರಲ್ಲಿ ಗುಟ್ಟು ಒಡೆಯಿತು. ನಡುವಿನ ಆ ತುಣುಕುಗಳಲ್ಲಿ ಹಲವು, ಬ್ಯಾಕ್ಟೀರಿಯಾಗಳ ಮೇಲೆ ಬೀಳುವ ವೈರಸ್ಸುಗಳ ವಂಶವಾಹಿಯ ಚೂರುಗಳು! ಒಮ್ಮೆ ದಾಳಿ ಮಾಡಿದ ವೈರಸ್ಸಿನ ಒಂದು ಚೂರನ್ನು ಜೀವಿಯು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಅದೇ ವೈರಸ್ಸು ಮತ್ತೆ ಬಂದರೆ ಗುರುತು ಹಿಡಿದು ಕತ್ತರಿಸುತ್ತದೆ. ಸೊಸೈಟಿಯ ಗುಮಾಸ್ತರು ಮೇಜಿನ ಖಾನೆಯಲ್ಲಿ ಸುಸ್ತಿದಾರರ ಪಟ್ಟಿ ಇಟ್ಟುಕೊಂಡ ಹಾಗೆ ಎಂದರೆ ಸದಸ್ಯರು ಬೇಸರಿಸಬಾರದು. ಈ ಪಟ್ಟಿ ಮಾತ್ರ ಮಕ್ಕಳು ಮೊಮ್ಮಕ್ಕಳಿಗೂ ಬಳುವಳಿಯಾಗಿ ಹೋಗುತ್ತದೆ. ಕಣ್ಣಿಗೆ ಕಾಣದ ಜೀವಿಗೂ ನೆನಪಿಟ್ಟುಕೊಳ್ಳುವ ರೋಗನಿರೋಧಕ ಶಕ್ತಿ ಇದೆಯೆಂಬುದು ಅಂದಿನ ವಿದ್ವಾಂಸರಿಗೆ ನಂಬಲಾಗದ ಮಾತಾಗಿತ್ತು. ಲೇಖನವನ್ನು ಒಂದಾದ ಮೇಲೊಂದು ಪತ್ರಿಕೆ ಹಿಂದಕ್ಕೆ ಕಳಿಸಿತು. ಕೊನೆಗೆ 2005ರಲ್ಲಿ ಅಷ್ಟೇನೂ ಹೆಸರಿಲ್ಲದ ಪತ್ರಿಕೆಯೊಂದು ಅಚ್ಚು ಹಾಕಿತು.

ಅದು ನಿಜವೆಂದು ಪ್ರಯೋಗದಿಂದ ತೋರಿಸಿದವರು ಯಾರು ಬಲ್ಲಿರಾ? ಮೊಸರಿನ ಹೆಪ್ಪು ತಯಾರಿಸುವ ಡೆನ್ಮಾರ್ಕಿನ ಡ್ಯಾನಿಸ್ಕೋ ಕಂಪನಿಯ ವಿಜ್ಞಾನಿಗಳು, 2007ರಲ್ಲಿ. ಹೆಪ್ಪು ಕೆಡಿಸುವ ವೈರಸ್ಸಿನ ಕಾಟ ಅವರಿಗಿತ್ತು. ಈ ಕತ್ತರಿಯನ್ನು ಬೇಕಾದ ಜಾಗಕ್ಕೆ ಹಾಯಿಸಬಹುದೆಂದು 2012ರಲ್ಲಿ ತೋರಿಸಿಕೊಟ್ಟ ಶಾರ್ಪಾಂತಿಯೇ ಮತ್ತು ಡೌಡ್ನಾ ಎಂಬ ಇಬ್ಬರು ಮಹಿಳೆಯರಿಗೆ 2020ರಲ್ಲಿ ನೊಬೆಲ್ ಬಂತು. ಮೊಹಿಕಾರ ಹೆಸರು ಅದರಲ್ಲಿರಲಿಲ್ಲ. ಅದು ನಮಗೆ ಸರಿಕಾಣಲಿಲ್ಲ, ಇರಲಿ.

ಇಂದು ಅದೇ ಕತ್ತರಿಯಿಂದ ಸಿಕಲ್ ಸೆಲ್ ರಕ್ತದ ಕಾಯಿಲೆಗೆ ಚಿಕಿತ್ಸೆಯಿದೆ. 2023ರ ನವೆಂಬರಿನಲ್ಲಿ ಬ್ರಿಟನ್ ಮೊದಲು ಒಪ್ಪಿಗೆ ಕೊಟ್ಟಿತು. ಅಮೆರಿಕದಲ್ಲಿ ಅದಕ್ಕೆ ಇಟ್ಟ ಬೆಲೆ ತಲಾ 22 ಲಕ್ಷ ಡಾಲರ್! ನಮ್ಮ ಕಾಡಂಚಿನ ಹಾಡಿಗಳಲ್ಲೂ ಆ ಕಾಯಿಲೆಯವರಿದ್ದಾರೆ. ಆ ಬೆಲೆ ಅವರಿಗಾಗಿ ಇಟ್ಟದ್ದಂತೂ ಅಲ್ಲ. ಆದ್ದರಿಂದಲೇ ಇಂಥ ಕೆಲಸ ಸರ್ಕಾರಿ ಸಂಸ್ಥೆಗಳಲ್ಲೂ, ನಮ್ಮಂಥ ಸಂಘಗಳ ನೆರವಿನಲ್ಲೂ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯವರು ಸಾಂಬಾ ಮಸೂರಿಯನ್ನು ಇದೇ ವಿಧಾನದಿಂದ ತಿದ್ದಿ ರೂಪಿಸಿದ 'ಕಮಲಾ' ತಳಿಯನ್ನು 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ್ದನ್ನು ಓದಿರಬಹುದು.

ನಾಳೆಯೇ ಅಡಿಕೆಯ ಹಳದಿ ಎಲೆ ರೋಗಕ್ಕೋ ಕಾಫಿಯ ಕಾಂಡಕೊರಕಕ್ಕೋ ಇದರಿಂದ ಪರಿಹಾರ ಸಿಕ್ಕೀತೆಂದು ನಾವು ಹೇಳುತ್ತಿಲ್ಲ. ಹಾಗೆ ಆಸೆ ಹುಟ್ಟಿಸುವವರನ್ನು ನಂಬಲೂಬೇಡಿ. ಆದರೆ ಅಡಿಕೆ ಸಸಿ ನೆಟ್ಟು, ಹಿಂಗಾರ ಬಿಡಲಿ ಎಂದು ಐದಾರು ವರ್ಷ ನೀರು ಗೊಬ್ಬರ ಹಾಕಿ ಕಾಯುವ ನಾವೇ, ಸಂಶೋಧಕರಿಗೆ "ಈ ವರ್ಷ ಏನು ಕೊಟ್ಟಿರಿ?" ಎಂದು ಕೇಳುವುದು ಹೇಗೆ? ಆಗರದ ಆ ಹುಡುಗನನ್ನು ಯಾರಾದರೂ 1995ರಲ್ಲಿ ಹೀಗೆ ಕೇಳಿದ್ದರೆ ಅವರಲ್ಲಿ ಉತ್ತರವಿರುತ್ತಿರಲಿಲ್ಲ.

ಮೈಲುತುತ್ತದ ರಿಯಾಯಿತಿಗೆ ಬೇರೆ ಬಾಬಿನಿಂದ ಹಣ ಹೊಂದಿಸುವುದನ್ನು ಆಡಳಿತ ಮಂಡಳಿ ಪರಿಶೀಲಿಸುತ್ತಿದೆ. ಸಂಶೋಧನಾ ನಿಧಿಯನ್ನು ಮುಟ್ಟುವುದಕ್ಕೆ ಮಾತ್ರ ನಮ್ಮ ವಿರೋಧವಿದೆ. ಸಭೆಯಲ್ಲಿಯೂ ಹಾಗೆಯೇ ಮತ ಹಾಕುತ್ತೇವೆ. ಅಲ್ಲಿಯವರೆಗೆ ಒಂದು ಕೋರಿಕೆ: ಹಳದಿ ಎಲೆ ರೋಗ ಹೊಕ್ಕ ತೋಟದಲ್ಲಿ, ಸುತ್ತಲಿನದೆಲ್ಲ ಸೊರಗಿದರೂ ಹಸಿರಾಗಿಯೇ ನಿಂತ ಮರ ಯಾರಲ್ಲಾದರೂ ಇದ್ದರೆ, ಅದನ್ನು ಕಡಿಯದೆ ಸಂಘದ ಕಚೇರಿಗೆ ತಿಳಿಸಿರಿ.