ಅರ್ಧ ಬೆಲೆಯ ಅವೆನ್ಯೂ ರಸ್ತೆ

ಜೂನ್ ತಿಂಗಳು ಬಂತೆಂದರೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೈಸೂರು ಬ್ಯಾಂಕ್ ವೃತ್ತದ ಕಡೆಯಿಂದ ಒಳಹೊಕ್ಕರೆ ಸಾಕು, ಆಳೆತ್ತರಕ್ಕೆ ಪೇರಿಸಿದ ಪುಸ್ತಕಗಳು, ಅವುಗಳ ನಡುವೆ ತಲೆ ಮಾತ್ರ ಕಾಣುವ ಅಂಗಡಿಯವರು, ಪಟ್ಟಿ ಹಿಡಿದ ಮಕ್ಕಳು, ಜೇಬು ಮುಟ್ಟಿ ನೋಡಿಕೊಳ್ಳುವ ಅಪ್ಪಂದಿರು. “ಏನ್ ಬೇಕಮ್ಮಾ? ಹೊಸದು ಕೊಡ್ಲಾ, ಸೆಕೆಂಡ್ಸ್ ಕೊಡ್ಲಾ?” ಎಂಬ ಪ್ರಶ್ನೆ ಬಂದ ಕೂಡಲೇ ತಂದೆ ಮಗಳ ಮುಖ ನೋಡುತ್ತಾರೆ, ಮಗಳು ರಸ್ತೆ ನೋಡುತ್ತಾಳೆ. ಹಳೆಯ ಪುಸ್ತಕ ಹಿಡಿದು ತರಗತಿಗೆ ಹೋಗುವುದು ಹೇಗೆಂಬ ಸಂಕೋಚ ಅವಳಿಗೆ. ಹೊಸ ಪುಸ್ತಕವನ್ನೂ ಕೊಡಿಸಲಾಗಲಿಲ್ಲವಲ್ಲ ಎಂಬ ಸಂಕಟ ಇವರಿಗೆ. ಬೆಲೆ ಸುಮಾರು ಅರ್ಧಕ್ಕರ್ಧ ಇಳಿಯುತ್ತದೆಂಬುದು ಇಬ್ಬರಿಗೂ ಗೊತ್ತು. ಆದರೂ ಮೊದಲು ಬಾಯಿ ಬಿಡುವವರಿಲ್ಲ.

ಹಾಗೆ ನೋಡಿದರೆ ಈ ರಸ್ತೆಗೆ ಕಾರಿನಲ್ಲಿ ಬರುವವರೂ ಉಂಟು. ಪ್ರಾಧ್ಯಾಪಕರು ಬರುತ್ತಾರೆ, ಸಂಶೋಧಕರು ಬರುತ್ತಾರೆ. ಅವರು ಬರುವುದು ದುಡ್ಡು ಉಳಿಸಲಿಕ್ಕಲ್ಲ, ಹೊಸ ಅಂಗಡಿಗಳಲ್ಲಿ ಸಿಗದೇ ಇರುವುದನ್ನು ಹುಡುಕಲಿಕ್ಕೆ. ಒಂದೇ ರಾಶಿಯಲ್ಲಿ ಒಬ್ಬನಿಗೆ ಕಾಣುವುದು ಅಗ್ಗದ ಮಾಲು, ಇನ್ನೊಬ್ಬನಿಗೆ ಕಾಣುವುದು ನಿಧಿ. ಈ ರಸ್ತೆಯಲ್ಲೇ ಇರುವ ರೈಸ್ ಸ್ಮಾರಕ ಚರ್ಚು ನೆನಪಿಸುವುದು ಬೆಂಜಮಿನ್ ರೈಸ್ ಎಂಬ ಪಾದ್ರಿಯನ್ನು. ಅವರ ಮಗನೇ, ಊರೂರು ಅಲೆದು ಶಾಸನಗಳನ್ನು ಕಲೆಹಾಕಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದ ಬಿ.ಎಲ್. ರೈಸ್. ಮಣ್ಣಿನಲ್ಲಿ ಹೂತಿದ್ದ ಕಲ್ಲುಗಳನ್ನು ಓದಿಸಿದ ಮನುಷ್ಯನ ತಂದೆಯ ಹೆಸರಿನ ಚರ್ಚಿನ ಬೀದಿಯಲ್ಲೇ ಧೂಳು ಹಿಡಿದ ಪುಸ್ತಕಗಳ ವ್ಯಾಪಾರ ನಡೆದಿರುವುದು ಚೆನ್ನಾಗಿಯೇ ಇದೆ.

ನಿಧಿ ಎಂದೊಡನೆ ಲಾಟರಿಯ ಆಸೆ ಹುಟ್ಟುವುದು ಸಹಜ. ಅಮೆರಿಕದಲ್ಲಿ ಅಂಥ ಕಥೆಗಳು ನಿಜವಾಗಿಯೂ ನಡೆದಿವೆ. 1989ರಲ್ಲಿ ಪೆನ್ಸಿಲ್ವೇನಿಯಾದ ಒಂದು ಹಳೆಯ ಸಾಮಾನಿನ ಸಂತೆಯಲ್ಲಿ ಒಬ್ಬರು ಚೌಕಟ್ಟಿನ ಆಸೆಗಾಗಿ 4 ಡಾಲರ್ ಕೊಟ್ಟು ಒಂದು ಚಿತ್ರ ಕೊಂಡರು. ಚಿತ್ರದ ಹಿಂದೆ ಮಡಿಸಿಟ್ಟಿದ್ದದ್ದು 1776ರಲ್ಲಿ ಅಚ್ಚಾದ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಪ್ರತಿ! 1991ರಲ್ಲಿ ಅದು 24 ಲಕ್ಷ ಡಾಲರಿಗೂ ಮೇಲೆ ಹರಾಜಾಯಿತು. 2006ರಲ್ಲಿ ನ್ಯಾಶ್‌ವಿಲ್‌ನ ಹಳೆಯ ಸಾಮಾನಿನಂಗಡಿಯೊಂದರಲ್ಲಿ ಎರಡೂವರೆ ಡಾಲರಿಗೆ ಸಿಕ್ಕ ಅದೇ ಘೋಷಣೆಯ 1823ರ ಪ್ರತಿಗೂ ಮರುವರ್ಷ ನಾಲ್ಕೂಮುಕ್ಕಾಲು ಲಕ್ಷ ಡಾಲರ್ ಬಂತು. ಅವೆನ್ಯೂ ರಸ್ತೆಗೆ ಈ ಆಸೆಯಿಂದ ಹೊರಡುವವರು ಸಂಜೆ ಕಾಫಿ ಕುಡಿದು ಬರಿಗೈಯಲ್ಲಿ ಮನೆಗೆ ಮರಳುವುದೇ ಹೆಚ್ಚು. ಇಲ್ಲಿಯ ನಿಧಿ ಬೇರೆ ಜಾತಿಯದು. ಅದನ್ನು ಮಾರಿ ಶ್ರೀಮಂತರಾಗುವ ಹಾಗಿಲ್ಲ, ಓದಬೇಕು.

ಮೊದಲು ತಿಳಿಯಬೇಕಾದದ್ದು ಯಾವ ಪುಸ್ತಕ ಮುದಿಯಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದು. ಕಾನೂನು ವಿದ್ಯಾರ್ಥಿ ಅರ್ಧ ಬೆಲೆಗೆ ಸಿಕ್ಕಿತೆಂದು ಭಾರತೀಯ ದಂಡ ಸಂಹಿತೆಯ ದಪ್ಪ ಪುಸ್ತಕ ಹೊತ್ತು ತಂದರೆ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ ಎಂಬುದು ತರಗತಿಯಲ್ಲಿ ಗೊತ್ತಾಗುತ್ತದೆ. 2017ರ ಜುಲೈಗೆ ಮುಂಚಿನ ಪರೋಕ್ಷ ತೆರಿಗೆಯ ಪುಸ್ತಕದಲ್ಲಿ ಜಿಎಸ್‌ಟಿಯೇ ಇರುವುದಿಲ್ಲ. ಕಂಪ್ಯೂಟರ್ ಪುಸ್ತಕಗಳ ಆಯಸ್ಸಂತೂ ಕೇಳಲೇಬೇಡಿ. ಸಾಮಾನ್ಯ ಜ್ಞಾನದ ಗೈಡುಗಳಲ್ಲಿ ಪ್ಲೂಟೋ ಇನ್ನೂ ಗ್ರಹವಾಗಿಯೇ ಉಳಿದಿದ್ದರೆ ಅದು 2006ಕ್ಕೆ ಹಿಂದಿನದು. ಪರೀಕ್ಷೆಗೆ ಅದನ್ನು ನಂಬಿದವರಿಗೆ ದೇವರೇ ಗತಿ.

ಶಾಲೆಯ ಪಠ್ಯಪುಸ್ತಕದ ಮಾತು ಸ್ವಲ್ಪ ಸೂಕ್ಷ್ಮ. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸಲು ಹೊರಟು ಹಲವು ಅಧ್ಯಾಯಗಳನ್ನು ಕೈಬಿಟ್ಟಿತು. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಧಾತುಗಳ ಆವರ್ತನೀಯ ವರ್ಗೀಕರಣದ ಅಧ್ಯಾಯವೇ ಹೋಯಿತು. ಪರೀಕ್ಷೆಯನ್ನಷ್ಟೇ ನೋಡುವವರಿಗೆ ಹಳೆಯ ಪುಸ್ತಕದಲ್ಲಿ ನಾಲ್ಕು ಪಾಠ ಹೆಚ್ಚಿಗೆ ಇದ್ದರೆ ನಷ್ಟವೇನಿಲ್ಲ. ಹನ್ನೊಂದರಲ್ಲಿ ರಸಾಯನಶಾಸ್ತ್ರ ತೆಗೆದುಕೊಳ್ಳುವ ಹುಡುಗನಿಗಂತೂ ಆ ಬಿಟ್ಟ ಅಧ್ಯಾಯ ಮುಂದಿನ ಮೆಟ್ಟಿಲು. ಅಪಾಯವಿರುವುದು ಪುಸ್ತಕವೇ ಬದಲಾಗಿರುವ ಕಡೆ. ಎನ್‌ಸಿಇಆರ್‌ಟಿಯೂ ಕರ್ನಾಟಕ ಪಠ್ಯಪುಸ್ತಕ ಸಂಘವೂ ತಮ್ಮ ಪುಸ್ತಕಗಳನ್ನು ಅಂತರಜಾಲದಲ್ಲಿ ಉಚಿತವಾಗಿಯೇ ಇಟ್ಟಿವೆ. ಅಂಗಡಿಯ ಮುಂದೆ ನಿಂತೇ ಮೊಬೈಲಿನಲ್ಲಿ ಈ ವರ್ಷದ ಪರಿವಿಡಿ ತೆರೆದು, ಕೈಯಲ್ಲಿರುವ ಹಳೆಯ ಪುಸ್ತಕದ ಪರಿವಿಡಿಯ ಜತೆ ಹೋಲಿಸಲು ಎರಡು ನಿಮಿಷ ಸಾಕು. ಈ ಎರಡು ನಿಮಿಷ ಉಳಿಸಲು ಹೋಗಿ ಎರಡು ಸಲ ದುಡ್ಡು ಕೊಟ್ಟವರು ಅದೇ ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತಾರೆ.

ಇನ್ನು ಮುದಿಯಾಗದ ಪುಸ್ತಕಗಳು. ಕ್ಲಾರ್ಕ್ಸ್ ಟೇಬಲ್ ಅಜ್ಜನ ಕಾಲದ್ದಾದರೂ ಲಾಗರಿದಮ್ಮು ಬದಲಾಗುವುದಿಲ್ಲ. ಹಾಲ್ ಮತ್ತು ನೈಟ್ ಬರೆದ ‘ಹೈಯರ್ ಆಲ್‌ಜೀಬ್ರಾ’ ಮೊದಲು ಅಚ್ಚಾದದ್ದು 1887ರಲ್ಲಿ, ಶ್ರೀನಿವಾಸ ರಾಮಾನುಜನ್ ಹುಟ್ಟಿದ ವರ್ಷ. ಲೋನಿಯ ತ್ರಿಕೋನಮಿತಿ 1893ರದು. ಕುಂಭಕೋಣದ ಮನೆಯಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗರಿಂದ ಈ ಲೋನಿಯನ್ನು ಪಡೆದು, ಹದಿಮೂರರ ವಯಸ್ಸಿಗೇ ರಾಮಾನುಜನ್ ಅರೆದು ಕುಡಿದಿದ್ದರು. ಅದೂ ಇನ್ನೊಬ್ಬರು ಓದಿದ ಪುಸ್ತಕವೇ! ಎಚ್.ಸಿ. ವರ್ಮಾ ಅವರ ‘ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್’ 1992ರಿಂದ ಹುಡುಗರ ಕೈಯಿಂದ ಕೈಗೆ ದಾಟುತ್ತಲೇ ಇದೆ. ಸೀನಿಯರುಗಳು ಅಂಚಿನಲ್ಲಿ ಪೆನ್ಸಿಲಿನಿಂದ ಲೆಕ್ಕ ಬಿಡಿಸಿಟ್ಟ ಪ್ರತಿಗೆ ಹೊಸದಕ್ಕಿಂತ ಬೆಲೆ ಹೆಚ್ಚಿರಬೇಕಿತ್ತು. ಅಂಗಡಿಯವರಿಗೆ ಅದು ಹೊಳೆದಿಲ್ಲ, ಪುಣ್ಯ.

ಇವೆಲ್ಲಕ್ಕೂ ಕಿರೀಟವಿಟ್ಟಂತೆ ಮಾಸ್ಕೋದ ಮೀರ್ ಪ್ರಕಾಶನದ ಪುಸ್ತಕಗಳು. ಸೋವಿಯತ್ ಒಕ್ಕೂಟ ಇದ್ದಷ್ಟು ದಿನ ರಟ್ಟಿನ ಗಟ್ಟಿ ಹೊದಿಕೆಯ ವಿಜ್ಞಾನ, ಗಣಿತದ ಪುಸ್ತಕಗಳು ಕಡಲೆಕಾಯಿಯ ಬೆಲೆಗೆ ಭಾರತಕ್ಕೆ ಬರುತ್ತಿದ್ದವು. 1991ರಲ್ಲಿ ದೇಶವೇ ಒಡೆದಾಗ ಆ ಹೊಳೆಯೂ ಬತ್ತಿತು. ಇರೊಡೋವ್ ಅವರ ಭೌತಶಾಸ್ತ್ರದ ಲೆಕ್ಕಗಳನ್ನು ಇಲ್ಲಿಯ ಪ್ರಕಾಶಕರು ಮರುಮುದ್ರಿಸಿದ್ದಾರೆ. ಆದರೆ ಪೆರೆಲ್ಮನ್ ಅವರ ‘ಫಿಸಿಕ್ಸ್ ಫಾರ್ ಎಂಟರ್‌ಟೈನ್‌ಮೆಂಟ್’ ಮೂಲ ಮುದ್ರಣದಲ್ಲಿ, ಆ ಚಿತ್ರಗಳ ಸಮೇತ ಸಿಕ್ಕರೆ, ಹೈಸ್ಕೂಲಿನ ಮಕ್ಕಳಿರುವ ಮನೆಯವರು ಚೌಕಾಸಿ ಮಾಡುತ್ತ ನಿಲ್ಲದೆ ಕೊಳ್ಳಬೇಕು.

ಕನ್ನಡದ ರಾಶಿಯಲ್ಲೂ ಕೈಯಾಡಿಸದೆ ಬರಬಾರದು. ನಿರಂಜನರ ಸಂಪಾದಕತ್ವದ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಏಳು ಸಂಪುಟಗಳದ್ದು. ಶಿವರಾಮ ಕಾರಂತರು ಮಕ್ಕಳಿಗಾಗಿ ಬರೆದ ‘ಬಾಲ ಪ್ರಪಂಚ’ 1936ರದು, ಅವರದೇ ‘ವಿಜ್ಞಾನ ಪ್ರಪಂಚ’ ನಾಲ್ಕು ಸಂಪುಟ. ಇಂಥವು ಬಿಡಿಬಿಡಿಯಾಗಿ ಬೀದಿಗೆ ಬರುತ್ತವೆ. ಏಳರಲ್ಲಿ ಒಂದೇ ಸಿಕ್ಕಿತೆಂದು ಬಿಟ್ಟು ಬರುವುದು ಜಾಣತನವಲ್ಲ. ಉಳಿದ ಆರನ್ನು ಹುಡುಕುವ ನೆಪದಲ್ಲಿ ಹುಡುಗ ಇಡೀ ಅಂಗಡಿಯನ್ನೇ ಜಾಲಾಡುತ್ತಾನೆ, ಪರಿಚಯವಾದ ಅಂಗಡಿಯವರು “ನಿಮ್ದು ಮೂರನೇ ವಾಲ್ಯೂಮ್ ಬಂದಿದೆ ನೋಡಿ” ಎಂದು ಎತ್ತಿಟ್ಟಿರುತ್ತಾರೆ.

ಅಚ್ಚಾದ ವರ್ಷವಿರುವ ಹಾಳೆ ಹರಿದುಹೋಗಿದ್ದರೆ ಪುಸ್ತಕದ ವಯಸ್ಸು ಹೇಳುವುದು ಹೇಗೆ? ಇದೊಂದು ಪತ್ತೇದಾರಿ ಆಟ, ಮಕ್ಕಳಿಗೆ ಬಲು ಇಷ್ಟವಾಗುವಂಥದು. ಬೆಲೆ ರೂಪಾಯಿ, ಆಣೆಯಲ್ಲಿದ್ದರೆ 1957ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬರುವುದಕ್ಕೆ ಮುಂಚಿನದಿರಬೇಕು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ಒಳಗಿನದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಹಿಂದಿನದು. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು; ಇಲ್ಲದಿದ್ದರೆ ಅವಸರದಲ್ಲಿ ತೀರ್ಪು ಕೊಡಬಾರದು, ಎಷ್ಟೋ ಜನ ಆಮೇಲೂ ‘ಬೆಂಗಳೂರು-2’ ಎಂದೇ ಬರೆಯುತ್ತಿದ್ದರು. ಕರ್ನಾಟಕಕ್ಕೆ 20 ಜಿಲ್ಲೆ ಎಂದಿದ್ದರೆ 1997ರ ಮೊದಲಿನದು, 27 ಎಂದಿದ್ದರೆ ಆಮೇಲಿನದು. ವಿಜಯನಗರ ಸೇರಿ 31 ಆದದ್ದು 2021ರಲ್ಲಿ. ಐಎಸ್‌ಬಿಎನ್ ಸಂಖ್ಯೆಯಲ್ಲಿ ಬರೀ 10 ಅಂಕಿ ಇದ್ದರೆ 2007ಕ್ಕೆ ಹಿಂದಿನದೆಂದು ತಿಳಿಯಬಹುದು.

ಕೊಳ್ಳುವ ಮುನ್ನ ಪುಟ ತಿರುವುವುದು ಅಂಗಡಿಯವರಿಗೆ ಅಪಮಾನವೇನಲ್ಲ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಹೆಚ್ಚಾಗಿ 16 ಪುಟಕ್ಕೊಂದು. ಹೋದರೆ ಒಂದು ಪುಟ ಹೋಗುವುದಿಲ್ಲ, ಇಡೀ ಫಾರಮ್ಮೇ ಮಾಯವಾಗಿರುತ್ತದೆ, ಇಲ್ಲವೇ ಅದೇ ಫಾರಂ ಎರಡು ಸಲ ಹೊಲಿದುಕೊಂಡಿರುತ್ತದೆ. ಹೊಲಿಗೆ ಬಿಟ್ಟಿದ್ದರೆ ಚಿಂತೆಯಿಲ್ಲ, ಬೈಂಡಿಂಗ್ ಮಾಡುವವರು ಅದೇ ಪೇಟೆಯಲ್ಲಿದ್ದಾರೆ. ಹಾಳೆಯ ಮೂಲೆ ಬಗ್ಗಿಸಿದರೆ ಹಪ್ಪಳದಂತೆ ಮುರಿಯುವುದಾದರೆ ಮಾತ್ರ ವರ್ಷವಿಡೀ ಬಾಳುವುದು ಕಷ್ಟ. ಯಾವುದೋ ಗ್ರಂಥಾಲಯದ ಮುದ್ರೆ ಇದ್ದು, ಅದನ್ನು ವಿಲೇವಾರಿ ಮಾಡಿದ ಗುರುತು ಇಲ್ಲದಿದ್ದರೆ, ಆ ಪುಸ್ತಕ ಅಲ್ಲಿಂದ ಹೇಗೆ ಬಂತೆಂದು ಯೋಚಿಸಬೇಕು. ಮಸುಕು ಅಚ್ಚು, ತೆಳು ಹಾಳೆ, ಗೋಂದು ಬಳಿದ ಬೆನ್ನಿನ ‘ಹೊಸ’ ಪುಸ್ತಕಗಳೂ ಅದೇ ರಾಶಿಯಲ್ಲಿ ನುಸುಳಿರುತ್ತವೆ. ಅವು ಸೆಕೆಂಡ್ಸ್ ಅಲ್ಲ, ಕಳ್ಳ ಮುದ್ರಣ. ಬರೆದವರಿಗೆ ಅದರಿಂದ ಬಿಡಿಗಾಸೂ ಹೋಗುವುದಿಲ್ಲ.

ಬೆಲೆಯ ಮಾತಿಗೆ ಬಂದರೆ, ಅರ್ಧಕ್ಕೆ ಕೊಟ್ಟದ್ದನ್ನು ವರ್ಷದ ಕೊನೆಗೆ ಅದೇ ಅಂಗಡಿಯವರು ವಾಪಸು ಕೊಳ್ಳುವುದುಂಟು, ಇನ್ನೂ ಕಡಿಮೆಗೆ. “ನೀಟಾಗಿ ಇಟ್ಕೊಂಡ್ರೆ ತಗೋತೀನಿ ಸಾರ್” ಎಂಬ ಮಾತನ್ನು ಕೊಳ್ಳುವಾಗಲೇ ಆಡಿಸಿಕೊಳ್ಳುವುದು ಒಳ್ಳೆಯದು. ಹೋಗುವ ಕಾಲವೂ ಮುಖ್ಯ. ಜೂನ್‌ನಲ್ಲಿ ಊರೆಲ್ಲ ಅಲ್ಲೇ ಇರುತ್ತದೆ, ಚೌಕಾಸಿಗೆ ಯಾರೂ ಬಗ್ಗುವುದಿಲ್ಲ. ಪರೀಕ್ಷೆ ಮುಗಿಸಿದ ಹುಡುಗರು ಚೀಲ ತಂದು ಸುರಿಯುವುದು ಏಪ್ರಿಲ್‌ನಲ್ಲಿ. ಆಗ ಹೋದರೆ ರಾಶಿಯೂ ತಾಜಾ, ಬೆಲೆಯೂ ಮೆತ್ತಗೆ, ಅಂಗಡಿಯವರಿಗೂ ಸ್ಟೂಲು ಕೊಟ್ಟು ಕೂರಿಸುವಷ್ಟು ಬಿಡುವಿರುತ್ತದೆ.